ಎಫ್ ಡ್ರೈವ್‌ಗೆ ಹಾಕಿದ ಮದುವೆ ವಿಡಿಯೋ ಮಾತ್ರ ಏಕೆ ತಡವರಿಸುತ್ತದೆ?

ಗಂಗಾವತಿ ಸ್ಟುಡಿಯೋ · ಭಾನುವಾರ, ರಾತ್ರಿ 10:20

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನನ್ನದೊಂದು ಚಿಕ್ಕ ಫೋಟೋ ಸ್ಟುಡಿಯೋ ಇದೆ. ಮದುವೆಗಳ ಸುಗ್ಗಿ ನಡೆದಿದೆ, ಆರು ಮದುವೆಗಳ ಎಡಿಟಿಂಗ್ ಬಾಕಿ ಇದೆ, ಕಂಪ್ಯೂಟರ್ ಸರಿಯಾಗಿ ಈಗಲೇ ಮುನಿಸಿಕೊಂಡಿದೆ.

ಇರುವುದು ಒಂದೇ ಹಾರ್ಡ್ ಡಿಸ್ಕ್: 2 ಟಿಬಿ, 7200 ಆರ್‌ಪಿಎಂ. ಜೋಡಿಸಿಕೊಟ್ಟವರು ಅದನ್ನು ನಾಲ್ಕು ಪಾಲು ಮಾಡಿದ್ದಾರೆ. ಸಿ 200 ಜಿಬಿ, ಅದರಲ್ಲಿ ವಿಂಡೋಸ್. ಉಳಿದದ್ದು ಡಿ, ಇ, ಎಫ್ ಎಂದು ಮೂರು ಸಮಪಾಲು. ಇ ಡ್ರೈವ್‌ನಲ್ಲಿ ಹಾಡುಗಳು, ಮನೆಯ ಫೋಟೋಗಳು. ಇಷ್ಟು ದಿನ ಡಿ ಡ್ರೈವ್‌ನಲ್ಲಿ ಕೆಲಸ ಮಾಡುತ್ತಿದ್ದೆ, ಅದು ತುಂಬಿತು. ಎಫ್ ಖಾಲಿ ಬಿದ್ದಿದೆಯಲ್ಲ ಎಂದು ಹೊಸ ಮದುವೆಯನ್ನು ಅಲ್ಲಿಗೆ ಹಾಕಿದೆ. ಮೂರು ಕ್ಯಾಮೆರಾಗಳ ಕ್ಲಿಪ್‌ಗಳನ್ನು ಒಟ್ಟಿಗೆ ಓಡಿಸಿದರೆ, ಅಕ್ಷತೆ ಹಾಕಲು ಕೈ ಎತ್ತಿದವರು ಎತ್ತಿದಂತೆಯೇ ನಿಂತುಬಿಡುತ್ತಾರೆ. ವಾದ್ಯದ ಸದ್ದು ಮಾತ್ರ ಮುಂದೆ ಹೋಗುತ್ತಿರುತ್ತದೆ. ಅದೇ ಕ್ಯಾಮೆರಾ, ಅದೇ ಸಾಫ್ಟ್‌ವೇರ್. ಡಿ ಡ್ರೈವ್‌ನಲ್ಲಿರುವ ಹಳೆಯ ಮದುವೆ ಇವತ್ತಿಗೂ ಸರಾಗವಾಗಿ ಓಡುತ್ತದೆ.

ಎಫ್ ಕೆಟ್ಟಿದೆಯೇ? ಡಿ ಮತ್ತು ಎಫ್‌ಗಳ ಜಾಗವನ್ನು ಅದಲುಬದಲು ಮಾಡಿದರೆ ಸರಿಹೋಗುತ್ತದೆಯೇ?

ರಾಯಚೂರು ರಿಪೇರಿ · ರಾತ್ರಿ 10:48

ಎಫ್ ಒಂದೇ ಕೆಡುವುದಕ್ಕೆ ಅದು ಬೇರೆ ಡಿಸ್ಕ್ ಅಲ್ಲ ಅಣ್ಣ. ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿದರೂ ಹಿತ್ತಲಿನ ಬಾವಿ ಒಂದೇ ಇರುತ್ತದಲ್ಲ, ಹಾಗೆ. ಮೊದಲು ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್ ಡಿಸ್ಕ್ ಇನ್ಫೋ ಹಾಕಿ 05, ಸಿ5, ಸಿ6 ಈ ಮೂರು ಸಾಲುಗಳನ್ನು ನೋಡಿ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಅಂಕಿ ಕಂಡರೆ ಮೇಲ್ಮೈ ಹಾಳಾಗುತ್ತಿದೆ ಎಂದರ್ಥ, ಮಾತು ಬಿಟ್ಟು ಮೊದಲು ಎಲ್ಲವನ್ನೂ ಬೇರೆ ಡಿಸ್ಕಿಗೆ ಕಾಪಿ ಮಾಡಿಕೊಳ್ಳಿ. ಸಿ7 ಏರಿದ್ದರೆ ದೋಷ ಹೆಚ್ಚಾಗಿ ಕೇಬಲ್‌ನದು. ಎಲ್ಲವೂ ಸೊನ್ನೆಯಿದ್ದರೆ ಎಚ್‌ಡಿ ಟ್ಯೂನ್‌ನಲ್ಲಿ ಓದುವ ವೇಗದ ಪರೀಕ್ಷೆ ಓಡಿಸಿ ಅಂಕಿಗಳನ್ನು ಇಲ್ಲಿ ಹಾಕಿ.

ಕೊಪ್ಪಳದ ಹುಡುಗ · ರಾತ್ರಿ 10:55

ಇಷ್ಟೆಲ್ಲ ಏಕೆ? ಹಾರ್ಡ್ ಡಿಸ್ಕ್ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿ ಹಾಕಿಸಿ, ಮಲಗಿ ನಿದ್ದೆ ಮಾಡಿ.

ಗಂಗಾವತಿ ಸ್ಟುಡಿಯೋ · ಸೋಮವಾರ, ಬೆಳಿಗ್ಗೆ 9:05

@ರಾಯಚೂರು ರಿಪೇರಿ, ನೀವು ಹೇಳಿದ ನಾಲ್ಕೂ ಸಾಲುಗಳಲ್ಲಿ ಸೊನ್ನೆಯೇ ಇದೆ. ಎಚ್‌ಡಿ ಟ್ಯೂನ್‌ನ ಗೆರೆ ಎಡಗಡೆ 182 ಎಂಬಿಯಲ್ಲಿ ಶುರುವಾಗಿ, ಮೆಟ್ಟಿಲು ಇಳಿದಂತೆ ಇಳಿಯುತ್ತ ಬಲತುದಿಗೆ ಬರುವಷ್ಟರಲ್ಲಿ ಸೆಕೆಂಡಿಗೆ 88 ಎಂಬಿಗೆ ಬಂದಿದೆ. ಎಲ್ಲೂ ದಿಢೀರನೆ ಬಿದ್ದಿಲ್ಲ. ಅಂದರೆ ಡಿಸ್ಕಿನ ಅರ್ಧ ಶಕ್ತಿ ಹೋಗಿದೆಯೇ?

@ಕೊಪ್ಪಳದ ಹುಡುಗ, 2 ಟಿಬಿಯ ಎಸ್‌ಎಸ್‌ಡಿಗೆ ಹಣ ಬರಬೇಕಾದರೆ ಈ ಆರು ಮದುವೆಗಳನ್ನು ಮುಗಿಸಿ ಕೊಡಬೇಕು ತಮ್ಮ.

ಬಳ್ಳಾರಿ ಜೀನ್ಸ್ · ಬೆಳಿಗ್ಗೆ 9:40

ನಮ್ಮ ಹೊಲಿಗೆ ಘಟಕದಲ್ಲಿ ಕಸೂತಿ ಡಿಸೈನ್‌ಗಳನ್ನು ಇಡುವ ಕಂಪ್ಯೂಟರಿನದ್ದೂ ಇದೇ ಕಥೆ. ಆದರೆ ನನಗೊಂದು ಅನುಮಾನ. ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಕೊನೆಯ ಪಾಲಾದ ಎಫ್ ಒಳಗಿನ ಸುತ್ತುಗಳಲ್ಲಿರುತ್ತದೆ ಎನ್ನುತ್ತಾರೆ. ಒಳಗಿನ ಸುತ್ತು ಚಿಕ್ಕದು, ಅದನ್ನು ಬೇಗ ಸುತ್ತಿ ಮುಗಿಸಬಹುದು. ಹಾಗಿದ್ದರೆ ಎಫ್ ವೇಗವಾಗಿ ಓಡಬೇಕಿತ್ತು. ಇದು ಬಿಸಿಲಿನ ಕೆಲಸವೇ ಇರಬೇಕು, ಏಪ್ರಿಲ್ ಬಂದರೆ ನಮ್ಮೂರಿನಲ್ಲಿ ಮನುಷ್ಯರೇ ನಿಧಾನವಾಗುತ್ತಾರೆ.

ಕೋಟೆ ಕೆಳಗಿನವರು · ಮಧ್ಯಾಹ್ನ 1:15

ನಾನು ಬಳ್ಳಾರಿಯಲ್ಲಿ ಡಿಪ್ಲೊಮಾ ಮಕ್ಕಳಿಗೆ ಕಂಪ್ಯೂಟರ್ ಪಾಠ ಮಾಡುವವಳು. ಜೀನ್ಸ್ ಅಣ್ಣನವರ ಅನುಮಾನ ನನ್ನ ತರಗತಿಯಲ್ಲೂ ಪ್ರತಿ ವರ್ಷ ಬರುತ್ತದೆ, ಆದ್ದರಿಂದ ಉತ್ತರ ಸಿದ್ಧವಾಗಿದೆ.

ಹಂತಿ ಕಟ್ಟಿ ರಾಶಿ ಮಾಡುವುದನ್ನು ನೋಡಿದವರು ಇಲ್ಲಿ ಇನ್ನೂ ಇದ್ದೀರಿ ಎಂದುಕೊಂಡಿದ್ದೇನೆ. ಕಣದ ನಡುವೆ ಮೇಟಿ, ಅದರ ಸುತ್ತ ಒಂದೇ ಸಾಲಿನಲ್ಲಿ ಎತ್ತುಗಳು. ಮೇಟಿಗೆ ಹತ್ತಿದ ಎತ್ತು ನಿಂತಲ್ಲೇ ತಿರುಗಿದಂತೆ ಮೆಲ್ಲಗೆ ಹೆಜ್ಜೆ ಹಾಕುತ್ತದೆ, ಮುದಿ ಎತ್ತನ್ನು ಅಲ್ಲಿಗೇ ಕಟ್ಟುತ್ತಿದ್ದರು. ಹೊರತುದಿಯ ಎತ್ತು ಅರೆ ಓಟದಲ್ಲಿರಬೇಕು. ಎರಡಕ್ಕೂ ಒಂದು ಸುತ್ತು ಮುಗಿಯುವುದು ಒಂದೇ ಗಳಿಗೆಯಲ್ಲಿ, ಆದರೆ ಹೊರಗಿನ ಎತ್ತಿನ ಕಾಲ್ಕೆಳಗೆ ಹೋದ ತೆನೆ ಹೆಚ್ಚು. ಹಾರ್ಡ್ ಡಿಸ್ಕ್ ನಡೆಯುವುದೂ ಹೀಗೆಯೇ. ಒಳಗಿನ ಸುತ್ತು ಬೇಗ ಮುಗಿಯುವುದಿಲ್ಲ ಅಣ್ಣ, ಇಡೀ ತಟ್ಟೆ ಒಟ್ಟಿಗೆ ತಿರುಗುತ್ತದೆ. 7200 ಆರ್‌ಪಿಎಂ ಎಂದರೆ ಸೆಕೆಂಡಿಗೆ 120 ಸುತ್ತು, ಒಂದು ಸುತ್ತಿಗೆ 8.33 ಮಿಲಿಸೆಕೆಂಡ್, ಹೊರಗೂ ಅಷ್ಟೇ, ಒಳಗೂ ಅಷ್ಟೇ. ಹೊರಸುತ್ತು ಉದ್ದವಾದ್ದರಿಂದ ಅಲ್ಲಿ ಹೆಚ್ಚು ಸೆಕ್ಟರ್‌ಗಳನ್ನು, ಅಂದರೆ ಡೇಟಾ ಇಡುವ ತುಂಡುಗಳನ್ನು, ಬರೆದಿರುತ್ತಾರೆ, ಓದಿ ಬರೆಯುವ ಹೆಡ್ಡಿನ ಕೆಳಗೆ ಒಂದು ಸುತ್ತಿನಲ್ಲಿ ಹೆಚ್ಚು ಡೇಟಾ ಹರಿಯುತ್ತದೆ. ತಟ್ಟೆಯನ್ನು ವಲಯಗಳಾಗಿ ಭಾಗಿಸಿ ವಲಯಕ್ಕೊಂದರಂತೆ ಸೆಕ್ಟರ್‌ಗಳ ಸಂಖ್ಯೆ ಇಟ್ಟಿರುವುದರಿಂದಲೇ ನಿಮ್ಮ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿದೆ.

3.5 ಇಂಚಿನ ಡಿಸ್ಕಿನ ತಟ್ಟೆ ಸುಮಾರು 95 ಮಿಲಿಮೀಟರ್ ಅಗಲ ಇರುತ್ತದೆ. ಬರೆಯುವ ಪಟ್ಟಿಯ ಹೊರ ಅಂಚಿನ ತ್ರಿಜ್ಯ ಒಳ ಅಂಚಿನದಕ್ಕಿಂತ ಸುಮಾರು ಎರಡು ಪಟ್ಟು. 182ಕ್ಕೂ 88ಕ್ಕೂ ಇರುವ ಅಂತರ ಹುಟ್ಟುವುದು ಅಲ್ಲಿಂದಲೇ. ಶಕ್ತಿ ಹೋಗಿಲ್ಲ ಸ್ಟುಡಿಯೋ ಸರ್, ನಿಮ್ಮ ಡಿಸ್ಕ್ ಹುಟ್ಟಿದ ದಿನವೂ ಹೀಗೆಯೇ ಇತ್ತು.

ಬಳ್ಳಾರಿ ಜೀನ್ಸ್ · ಮಧ್ಯಾಹ್ನ 1:32

ಒಪ್ಪಿದೆ ಮೇಡಂ. ಆದರೆ ಸಿ ಡ್ರೈವ್ ಹೊರಗಿದೆ, ಎಫ್ ಒಳಗಿದೆ ಎಂದು ಹೇಗೆ ಗೊತ್ತು? ಸಿಡಿ ಒಳಗಿನಿಂದ ಶುರುವಾಗುತ್ತದೆ. ಅರ್ಧ ಮಾತ್ರ ಬರೆದ ಸಿಡಿಯನ್ನು ಓರೆಯಾಗಿ ಹಿಡಿದರೆ ಒಳಗಿನ ಬಣ್ಣ ಬದಲಾದದ್ದು ಕಣ್ಣಿಗೇ ಕಾಣುತ್ತಿತ್ತು.

ಕೋಟೆ ಕೆಳಗಿನವರು · ಮಧ್ಯಾಹ್ನ 1:50

ಸಿಡಿಯ ವಿಷಯ ನಿಜ. ಹಾರ್ಡ್ ಡಿಸ್ಕ್ ಅದಕ್ಕೆ ಉಲ್ಟಾ. ಸೊನ್ನೆಯ ವಿಳಾಸ ಹೊರ ಅಂಚಿನಲ್ಲಿದ್ದು, ಎಣಿಕೆ ಒಳಮುಖವಾಗಿ ಸಾಗುತ್ತದೆ. ಅದಕ್ಕೆ ಸಾಕ್ಷಿ ಸ್ಟುಡಿಯೋ ಸರ್ ಅವರ ಗೆರೆಯೇ: ಎಡಗಡೆ ಎತ್ತರ, ಬಲಗಡೆ ತಗ್ಗು. ವಿಂಡೋಸಿನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಎಡದಿಂದ ಬಲಕ್ಕೆ ಯಾವ ಕ್ರಮದಲ್ಲಿ ಪಾರ್ಟಿಷನ್‌ಗಳು, ಅಂದರೆ ಡಿಸ್ಕಿನ ಪಾಲುಗಳು, ಕಾಣುತ್ತವೆಯೋ, ತಟ್ಟೆಯ ಮೇಲೂ ಹೊರಗಿನಿಂದ ಒಳಕ್ಕೆ ಅದೇ ಕ್ರಮ. ಅಕ್ಷರವನ್ನು ನಂಬಬೇಡಿ, ಎಡತುದಿಯ ಪಾಲಿಗೆ ಝಡ್ ಎಂದೂ ಹೆಸರಿಡಬಹುದು.

ರಾಯಚೂರು ರಿಪೇರಿ · ಮಧ್ಯಾಹ್ನ 2:10

ಬಿಸಿಲಿನ ಮಾತಿಗೂ ಒಂದು ಉತ್ತರ ಇರಲಿ. ರಾಯಚೂರಿನಲ್ಲಿ ಕೂತು ಹೇಳುತ್ತಿದ್ದೇನೆ, ನಮಗಿಂತ ಬಿಸಿಲು ಯಾರಿಗಿದೆ? ಸಾಮಾನ್ಯ ಡಿಸ್ಕುಗಳು 60 ಡಿಗ್ರಿಯವರೆಗೆ ತಡೆದುಕೊಳ್ಳುವಂತೆ ಮಾಡಿರುತ್ತಾರೆ. 45ರ ಆಸುಪಾಸು ತೋರಿಸಿದರೆ ಫ್ಯಾನಿನ ಧೂಳು ಒರೆಸಿ ಸುಮ್ಮನಿರಿ. ಬಿಸಿಯಿಂದ ಆಯುಷ್ಯ ಕಡಿಮೆಯಾಗಬಹುದು, ಆದರೆ ಎಫ್‌ನಲ್ಲಿ ಮಾತ್ರ ವೇಗ ಇಳಿಯುವುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಗಂಗಾವತಿ ಸ್ಟುಡಿಯೋ · ಸಂಜೆ 6:30

ಹಂತಿಯ ಮಾತು ಅರ್ಥವಾಯಿತು ಮೇಡಂ, ನಮ್ಮ ಅಜ್ಜನ ಕಣದಲ್ಲಿ ಮೇಟಿ ಪಕ್ಕದ ಎತ್ತಿನ ಬಾಲ ಹಿಡಿದು ಓಡಿದ್ದೇನೆ. ಆದರೆ ಲೆಕ್ಕ ಕೂಡುತ್ತಿಲ್ಲ. ನನ್ನ ಕ್ಯಾಮೆರಾ ಬರೆಯುವುದು ಸೆಕೆಂಡಿಗೆ 100 ಮೆಗಾಬಿಟ್, ಎಂಟರಿಂದ ಭಾಗಿಸಿದರೆ 12.5 ಎಂಬಿ. ಮೂರು ಕ್ಯಾಮೆರಾ ಸೇರಿ 37.5. ಎಫ್ ಅತಿ ನಿಧಾನವಾದ ಕಡೆಯಲ್ಲೂ 88 ಕೊಡುತ್ತದಲ್ಲ? ಬೇಕಾದುದರ ಎರಡು ಪಟ್ಟಿಗಿಂತ ಹೆಚ್ಚು. ಹಾಗಿದ್ದರೆ ಅಕ್ಷತೆ ಏಕೆ ನಿಲ್ಲುತ್ತದೆ?

ಕೋಟೆ ಕೆಳಗಿನವರು · ರಾತ್ರಿ 9:25

ಈ ಪ್ರಶ್ನೆಗಾಗಿಯೇ ಕಾಯುತ್ತಿದ್ದೆ. 88 ಎಂಬುದು ಹೆಡ್ ಅಲ್ಲಾಡದೆ ಒಂದೇ ಸಮನೆ ಓದಿದಾಗಿನ ವೇಗ. ಮೂರು ಕ್ಲಿಪ್‌ಗಳು ಮೂರು ಕಡೆ ಇರುವಾಗ ಹೆಡ್ ಒಂದರಿಂದ ಇನ್ನೊಂದಕ್ಕೆ ಹಾರಬೇಕು. ಹಾರಲು ಸರಾಸರಿ 9 ಮಿಲಿಸೆಕೆಂಡ್ ಎನ್ನಿ. ಹಾರಿ ಕೂತ ಮೇಲೆ ಬೇಕಾದ ಸೆಕ್ಟರ್ ತಿರುಗಿ ಬರುವವರೆಗೆ ಸರಾಸರಿ ಅರ್ಧ ಸುತ್ತು ಕಾಯಬೇಕು, ಅದು 4.17. ಒಟ್ಟು 13.

ಈಗ ಪ್ರತಿ ಹಾರಾಟಕ್ಕೆ 1 ಎಂಬಿ ಓದುತ್ತದೆ ಎಂದುಕೊಳ್ಳಿ. ಹೊರಸುತ್ತಿನಲ್ಲಿ 180ರ ವೇಗದಲ್ಲಿ ಅದಕ್ಕೆ 5.6 ಮಿಲಿಸೆಕೆಂಡ್, ಹಾರಾಟ ಸೇರಿ 18.6. ಅಂದರೆ ಸೆಕೆಂಡಿಗೆ 54 ಎಂಬಿ. ಒಳಸುತ್ತಿನಲ್ಲಿ 90ರ ವೇಗಕ್ಕೆ 11.1, ಹಾರಾಟ ಸೇರಿ 24.1. ಅಂದರೆ 41 ಎಂಬಿ. ನಿಮಗೆ 37.5 ಬೇಕು. ಕತ್ತಿಯ ಅಂಚಿನ ಮೇಲೆ ನಿಂತಿದ್ದೀರಿ. ಪ್ರತಿ ಹಾರಾಟಕ್ಕೆ ಕಾಲು ಎಂಬಿ ಮಾತ್ರ ಓದಿದರೆ ನೋಡಿ: ಹೊರಗೆ 17, ಒಳಗೆ 16. ಎರಡು ಪಟ್ಟು ಇದ್ದ ವ್ಯತ್ಯಾಸ ಎಲ್ಲಿ ಹೋಯಿತು? ಹಾರಾಟ ಅದನ್ನು ನುಂಗಿತು.

ಹಾಗಾಗಿ ಪಾರ್ಟಿಷನ್ ಹೊರಗಿದೆಯೋ ಒಳಗಿದೆಯೋ ಎಂಬುದಕ್ಕಿಂತ, ಒಟ್ಟಿಗೆ ಬಳಕೆಯಾಗುವ ಎರಡು ವಸ್ತುಗಳ ನಡುವೆ ಎಷ್ಟು ದೂರ ಇದೆ ಎಂಬುದನ್ನು ನೋಡಬೇಕು. ನಿಮ್ಮ ಎಡಿಟಿಂಗ್ ಸಾಫ್ಟ್‌ವೇರ್ ಕೆಲಸದ ನಡುವೆ ಬೇಕಾಗುವ ತನ್ನ ತಾತ್ಕಾಲಿಕ ಕ್ಯಾಶೆ ಫೈಲ್‌ಗಳನ್ನು ಎಲ್ಲಿ ಇಡುತ್ತಿದೆ? ಸೆಟ್ಟಿಂಗ್ ಮುಟ್ಟದಿದ್ದರೆ ಸಿ ಡ್ರೈವ್‌ನಲ್ಲಿ. ಮೆಮೊರಿ ಸಾಲದಾದಾಗ ವಿಂಡೋಸ್ ಬಳಸುವ ಪೇಜ್ ಫೈಲ್ ಕೂಡ ಅಲ್ಲೇ. ಕ್ಲಿಪ್‌ಗಳು ಡಿ ಡ್ರೈವ್‌ನಲ್ಲಿದ್ದಾಗ ಹೆಡ್ ಪಕ್ಕದ ಮನೆಗೆ ಹೋಗಿಬಂದಂತೆ ಓಡಾಡುತ್ತಿತ್ತು, ಸರಾಸರಿಗಿಂತ ಚಿಕ್ಕ ಹಾರಾಟ. ಈಗ ಕ್ಲಿಪ್ ಒಂದು ತುದಿಯಲ್ಲಿ, ಕ್ಯಾಶೆ ಇನ್ನೊಂದು ತುದಿಯಲ್ಲಿ. ಪ್ರತಿ ಸಲ ಇಡೀ ತಟ್ಟೆ ದಾಟಬೇಕು, ಅದಕ್ಕೆ 9 ಸಾಲದು. ಇನ್ನೂ ತಿರುಗುತ್ತಿರುವ ತಟ್ಟೆಯ ಸಮಸ್ಯೆ ಇದು. 1956ರಲ್ಲಿ ಐಬಿಎಂ ಮಾಡಿದ ಮೊದಲ ಡಿಸ್ಕ್ 50 ತಟ್ಟೆಗಳಲ್ಲಿ 50 ಲಕ್ಷ ಅಕ್ಷರ ಹಿಡಿಯುತ್ತಿತ್ತು, ನಿಮಿಷಕ್ಕೆ 1200 ಸುತ್ತು. ನಿಮ್ಮದು 2 ಲಕ್ಷ ಕೋಟಿ ಬೈಟ್ ಹಿಡಿಯುತ್ತದೆ, ಆದರೆ ಸುತ್ತು ಏರಿದ್ದು ಆರೇ ಪಟ್ಟು. ಕಣಜ ದೊಡ್ಡದಾಯಿತು, ಎತ್ತು ಅದೇ.

ಹಣ ಖರ್ಚು ಮಾಡುವ ಮೊದಲು ಒಂದು ಪುಕ್ಕಟೆ ಪರೀಕ್ಷೆ: ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ ಕ್ಯಾಶೆ ಫೋಲ್ಡರನ್ನು ಎಫ್‌ಗೆ, ಕ್ಲಿಪ್‌ಗಳ ಪಕ್ಕಕ್ಕೇ ಬದಲಿಸಿ ನೋಡಿ.

ಸಿಂಧನೂರು ತೂಕದ ಮನೆ · ರಾತ್ರಿ 10:05

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ಅಕ್ಕಿ ಗಿರಣಿಯೊಂದರ ವೇಬ್ರಿಡ್ಜ್ ನೋಡಿಕೊಳ್ಳುತ್ತೇನೆ. ತೂಕದ ಸಾಫ್ಟ್‌ವೇರ್ ಹಳೆಯದು, ವಿಂಡೋಸ್ ಎಕ್ಸ್‌ಪಿ ಬಿಟ್ಟು ಬೇರೆಲ್ಲೂ ಓಡುವುದಿಲ್ಲ. ಹಳೆಯ ಡಿಸ್ಕ್ ಸದ್ದು ಮಾಡಲು ಶುರು ಮಾಡಿತೆಂದು ಹೊಸದಕ್ಕೆ ಇದ್ದದ್ದು ಇದ್ದಹಾಗೆ ಕ್ಲೋನ್ ಮಾಡಿಸಿದೆ. ಅಂದಿನಿಂದ ಪ್ರತಿ ಚೀಟಿ ಸೇವ್ ಆಗಲು ತಡವಾಗುತ್ತಿದೆ, ಭತ್ತದ ಲಾರಿಗಳ ಸಾಲು ರಸ್ತೆಗೆ ಬರುತ್ತದೆ. ಓದುವುದು ಪರವಾಗಿಲ್ಲ, ಬರೆಯುವಾಗಲೇ ಒದ್ದಾಟ. ಇದೂ ಒಳಸುತ್ತು ಹೊರಸುತ್ತಿನ ವಿಷಯವೇ?

ರಾಯಚೂರು ರಿಪೇರಿ · ರಾತ್ರಿ 10:30

ಅಲ್ಲ. ನಿಮ್ಮದು ಪಾರ್ಟಿಷನ್ ಶುರುವಾಗುವ ಜಾಗದ ದೋಷ ಇರಬೇಕು, ಹತ್ತಾರು ಸಲ ನೋಡಿದ್ದೇನೆ. ಎಕ್ಸ್‌ಪಿ ಮೊದಲ ಪಾರ್ಟಿಷನ್ನನ್ನು 63ನೇ ಸೆಕ್ಟರಿನಿಂದ ಶುರು ಮಾಡುತ್ತದೆ. ಹಳೆಯ ಕಾಲದಲ್ಲಿ ಒಂದು ಸುತ್ತಿಗೆ 63 ಸೆಕ್ಟರ್ ಎಂದು ಲೆಕ್ಕ ಹಿಡಿಯುತ್ತಿದ್ದರು, ಅದರ ಪಳೆಯುಳಿಕೆ ಇದು. ಆಗ ಸೆಕ್ಟರ್ ಎಂದರೆ 512 ಬೈಟ್. 2011ರ ಹೊತ್ತಿಗೆ ಡಿಸ್ಕ್ ಮಾಡುವವರೆಲ್ಲ ಒಳಗೆ 4096 ಬೈಟಿನ ಸೆಕ್ಟರ್‌ಗೆ ಬಂದರು. 63ನ್ನು 512ರಿಂದ ಗುಣಿಸಿದರೆ 32,256. 4096ರಿಂದ ಭಾಗಿಸಿ: 7.875. ಪೂರ್ಣ ಸಂಖ್ಯೆ ಬರಲಿಲ್ಲ.

ಇದರಿಂದ ಏನಾಗುತ್ತದೆ? ನೀವು ಬರೆಯುವ ಪ್ರತಿ 4 ಕೆಬಿ ತುಂಡು ಎರಡು ಸೆಕ್ಟರ್‌ಗಳ ಗಡಿಯ ಮೇಲೆ ಕಾಲು ಚಾಚಿ ಕೂರುತ್ತದೆ. ಡಿಸ್ಕ್ ಎರಡನ್ನೂ ಓದಿ, ತಿದ್ದಿ, ತಟ್ಟೆ ಇನ್ನೊಂದು ಸುತ್ತು ಬರುವವರೆಗೆ ಕಾದು ಮತ್ತೆ ಬರೆಯಬೇಕು. ಓದುವಾಗ ಅಷ್ಟಾಗಿ ಗೊತ್ತಾಗುವುದಿಲ್ಲ, ಚಿಕ್ಕ ಚಿಕ್ಕ ಬರವಣಿಗೆಯಲ್ಲಿ ಜೀವ ತೆಗೆಯುತ್ತದೆ. ವಿಸ್ಟಾದಿಂದ ಈಚೆಗೆ ವಿಂಡೋಸ್ 2048ನೇ ಸೆಕ್ಟರಿನಿಂದ ಶುರು ಮಾಡುವುದರಿಂದ ಈ ತೊಂದರೆ ಇಲ್ಲ. ಸಿಸ್ಟಮ್ ಇನ್ಫರ್ಮೇಷನ್‌ನಲ್ಲಿ ಡಿಸ್ಕುಗಳ ವಿವರ ತೆರೆದರೆ ಪಾರ್ಟಿಷನ್ ಎಲ್ಲಿಂದ ಶುರುವಾಗಿದೆ ಎಂಬುದು ಬೈಟ್‌ಗಳಲ್ಲಿ ಸಿಗುತ್ತದೆ. 4096ರಿಂದ ನಿಶ್ಶೇಷವಾಗಿ ಭಾಗವಾಗದಿದ್ದರೆ ಅಲೈನ್‌ಮೆಂಟ್ ಸರಿಪಡಿಸುವ ಸಾಧನದಿಂದ ಪಾರ್ಟಿಷನ್ನನ್ನು ಸರಿಸಿಕೊಳ್ಳಿ. ಮೊದಲು ತೂಕದ ಡೇಟಾಬೇಸನ್ನು ಪೆನ್ ಡ್ರೈವ್‌ಗೆ ತೆಗೆದಿಡಿ.

ಸರಿಸುವ ಮಾತು ಬಂದದ್ದಕ್ಕೆ ಎಲ್ಲರಿಗೂ ಹೇಳುತ್ತೇನೆ. ಪಾರ್ಟಿಷನ್ ಸರಿಸುವುದೆಂದರೆ ಗೆರೆ ಅಳಿಸಿ ಬೇರೆ ಗೆರೆ ಎಳೆಯುವುದಲ್ಲ, ಒಳಗಿನ ಡೇಟಾವನ್ನೆಲ್ಲ ಎತ್ತಿ ಬೇರೆ ಕಡೆ ಇಡುವುದು. ಗಂಟೆಗಟ್ಟಲೆ ಹಿಡಿಯುತ್ತದೆ. ಒಬ್ಬ ಗಿರಾಕಿ ಯುಪಿಎಸ್ ಇಲ್ಲದೆ ಶುರು ಮಾಡಿ ಊಟಕ್ಕೆ ಹೋದರು. ಅವರು ಕೈ ತೊಳೆಯುವ ಮೊದಲೇ ಕರೆಂಟು ಹೋಯಿತು. ನನ್ನ ಬಳಿ ಬಂದಾಗ ಅರ್ಧ ಡೇಟಾ ಹೊಸ ಜಾಗದಲ್ಲಿ, ಅರ್ಧ ಹಳೆಯ ಜಾಗದಲ್ಲಿ, ಎರಡೂ ಕಡೆಯ ವಿಳಾಸ ಯಾರಿಗೂ ಗೊತ್ತಿಲ್ಲ. ಮಗಳ ನಾಮಕರಣದ ಫೋಟೋಗಳು ಅದರಲ್ಲಿದ್ದವು. ಕೆಲವು ಸಿಕ್ಕವು, ಹೆಸರಿಲ್ಲದೆ, ತಾರೀಖಿಲ್ಲದೆ.

ಬಳ್ಳಾರಿ ಜೀನ್ಸ್ · ರಾತ್ರಿ 10:52

ಅಲ್ಲ, ಮೂಲದಲ್ಲೇ ಕೇಳುತ್ತೇನೆ. ಒಂದೇ ಡಿಸ್ಕನ್ನು ನಾಲ್ಕು ತುಂಡು ಮಾಡುವ ಚಟ ನಿಮ್ಮ ರಿಪೇರಿ ಅಂಗಡಿಯವರಿಗೆ ಏಕೆ? ಒಂದೇ ಇದ್ದಿದ್ದರೆ ಸ್ಟುಡಿಯೋ ಅಣ್ಣನಿಗೆ ಈ ಪಾಡು ಬರುತ್ತಿತ್ತೇ?

ರಾಯಚೂರು ರಿಪೇರಿ · ರಾತ್ರಿ 11:10

ನನ್ನ ಜಾತಿಗೇ ಬೈದಿರಿ, ಸರಿ. ವಿಂಡೋಸ್ ಹಾಳಾಗಿ ಸಿ ಡ್ರೈವ್ ಫಾರ್ಮ್ಯಾಟ್ ಮಾಡಬೇಕಾದಾಗ ಗಿರಾಕಿಯ ಫೈಲ್‌ಗಳು ಡಿ ಡ್ರೈವ್‌ನಲ್ಲಿ ಉಳಿಯಲಿ ಎಂದು ಹೀಗೆ ಮಾಡುತ್ತೇವೆ. ಅದಕ್ಕೆ ಎರಡು ಪಾಲು ಸಾಕು, ನಾಲ್ಕು ಮಾಡುವುದು ಅಭ್ಯಾಸಬಲ ಎಂದು ಒಪ್ಪುತ್ತೇನೆ. ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. "ಡಿ ಡ್ರೈವ್‌ನಲ್ಲಿದ್ದುದನ್ನು ಎಫ್‌ನಲ್ಲೂ ಕಾಪಿ ಇಟ್ಟಿದ್ದೇನೆ, ಬ್ಯಾಕಪ್ ಇದೆ" ಎಂದು ಹೇಳಿಕೊಂಡು ಬರುತ್ತಾರೆ. ಮೋಟಾರ್ ಸುಟ್ಟರೆ ನಾಲ್ಕೂ ಒಟ್ಟಿಗೆ ಹೋಗುತ್ತವೆ ಮಾರಾಯರೇ. ಬಾವಿ ಬತ್ತಿದರೆ ಗೋಡೆಯ ಆಚೆ ಬಿಂದಿಗೆ ಇಳಿಸಿದರೂ ನೀರು ಸಿಗುವುದಿಲ್ಲ.

ಗಂಗಾವತಿ ಸ್ಟುಡಿಯೋ · ಮಂಗಳವಾರ, ಮಧ್ಯಾಹ್ನ 12:15

ಕ್ಯಾಶೆಯನ್ನು ಎಫ್‌ಗೆ ಬದಲಿಸಿದೆ. ಅಕ್ಷತೆ ಬಿತ್ತು! ಪೂರ್ತಿ ಅಲ್ಲ, ಒಂದು ದೃಶ್ಯ ಕರಗಿ ಇನ್ನೊಂದು ಮೂಡುವ ಕಡೆ ಈಗಲೂ ಒಮ್ಮೆ ಉಸಿರು ಹಿಡಿಯುತ್ತದೆ. ಆದರೆ ಕೆಲಸ ಮಾಡಬಹುದು. ಪೈಸೆ ಖರ್ಚಾಗಲಿಲ್ಲ ಮೇಡಂ, ದೊಡ್ಡ ನಮಸ್ಕಾರ. ಇವತ್ತೇ ಒಂದು ಮದುವೆ ಮುಗಿಸಿ ಕೊಡುತ್ತಿದ್ದೇನೆ. ಬರುವ ಹಣದಲ್ಲಿ 256 ಜಿಬಿಯ ಚಿಕ್ಕ ಎಸ್‌ಎಸ್‌ಡಿ ತಂದು ವಿಂಡೋಸನ್ನೂ ಕ್ಯಾಶೆಯನ್ನೂ ಅದಕ್ಕೆ ಹಾಕಬೇಕೆಂದಿದ್ದೇನೆ.

ಕೊಪ್ಪಳದ ಹುಡುಗ · ಮಧ್ಯಾಹ್ನ 12:20

ನಾನು ಮೊದಲೇ ಹೇಳಿದ್ದೆ. ಇರಲಿ, ನನ್ನದೂ ಒಂದು ಪ್ರಶ್ನೆ: ಎಸ್‌ಎಸ್‌ಡಿಯಲ್ಲಿ ಸಿ ಡ್ರೈವ್ ಎಡಗಡೆಯೇ ಇರಬೇಕೇ? ನನ್ನದರಲ್ಲಿ ಬಲಗಡೆ ಇದೆ, ಮೂರು ದಿನದಿಂದ ಸಮಾಧಾನವಿಲ್ಲ.

ಕೋಟೆ ಕೆಳಗಿನವರು · ಮಧ್ಯಾಹ್ನ 1:05

ನಿದ್ದೆ ಮಾಡಿ ಎಂದವರಿಗೇ ನಿದ್ದೆ ಇಲ್ಲವೇ! ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯೂ ಇಲ್ಲ, ಹಾರುವ ಹೆಡ್ಡೂ ಇಲ್ಲ. ವಿಂಡೋಸಿಗೆ ಕಾಣುವ ವಿಳಾಸ ಒಂದು, ಒಳಗೆ ಡೇಟಾ ಕೂರುವ ಜಾಗ ಇನ್ನೊಂದು. ಎಲ್ಲ ಕೋಶಗಳೂ ಸಮನಾಗಿ ಸವೆಯಲಿ ಎಂದು ಅದರ ಕಂಟ್ರೋಲರ್ ಚಿಪ್ ಡೇಟಾವನ್ನು ಸ್ಥಳಾಂತರಿಸುತ್ತಲೇ ಇರುತ್ತದೆ. ಮನೆ ನಂಬರ್ ಅದೇ, ಮನೆ ಮಾತ್ರ ಆಗಾಗ ಬೇರೆ ಓಣಿಗೆ ಹೋಗಿರುತ್ತದೆ. ಎಡ ಬಲ ಬಿಟ್ಟುಬಿಡಿ. ಗಂಟಲವರೆಗೆ ತುಂಬಿಸಬೇಡಿ, ಖಾಲಿ ಜಾಗ ಕಡಿಮೆಯಾದಷ್ಟೂ ಬರೆಯುವ ವೇಗ ಇಳಿಯುತ್ತದೆ.

ರಾಯಚೂರು ರಿಪೇರಿ · ಮಧ್ಯಾಹ್ನ 1:30

ಸ್ಟುಡಿಯೋ ಅಣ್ಣ, ಎಸ್‌ಎಸ್‌ಡಿಗೆ ವಿಂಡೋಸ್ ಹಾಕುವಾಗ ಹಾರ್ಡ್ ಡಿಸ್ಕಿನ ಕೇಬಲ್ ಕಿತ್ತಿಡಿ. ಇಲ್ಲದಿದ್ದರೆ ಬೂಟ್ ಆಗಲು ಬೇಕಾದ ಫೈಲ್‌ಗಳು ಹಳೆಯ ಡಿಸ್ಕಿನಲ್ಲೇ ಉಳಿದುಬಿಡುವುದುಂಟು. ಮುಂದೆ ಹಳೆಯ ಸಿ ಅಳಿಸಿದ ದಿನ ಕಂಪ್ಯೂಟರ್ ಏಳುವುದಿಲ್ಲ.

ಗಂಗಾವತಿ ಸ್ಟುಡಿಯೋ · ಶನಿವಾರ, ಸಂಜೆ 7:10

ಎಸ್‌ಎಸ್‌ಡಿ ಬಂತು, ಕೇಬಲ್ ಕಿತ್ತೇ ವಿಂಡೋಸ್ ಹಾಕಿದೆ. ಈಗ ಹಾರ್ಡ್ ಡಿಸ್ಕಿನಲ್ಲಿ ಹಳೆಯ ಸಿ ಇದ್ದ 200 ಜಿಬಿ ಖಾಲಿ ಇದೆ. ಮೇಡಂ ಹೇಳಿದಂತೆ ಅದು ಅತಿ ಹೊರಗಿನ ಸುತ್ತು, ಬಂಗಾರದಂಥ ಜಾಗ. ಅಲ್ಲಿ ಏನಿಡಲಿ?

ಕೋಟೆ ಕೆಳಗಿನವರು · ಸಂಜೆ 7:25

ಸದ್ಯ ಎಡಿಟ್ ಮಾಡುತ್ತಿರುವ ಮದುವೆ.

ಗಂಗಾವತಿ ಸ್ಟುಡಿಯೋ · ಸಂಜೆ 7:31

ಹಿಡಿಯುವುದಿಲ್ಲ ಮೇಡಂ. ಒಂದು ಕ್ಯಾಮೆರಾಗೆ ಗಂಟೆಗೆ 45 ಜಿಬಿ, ಮೂರಕ್ಕೆ 135. 200 ಜಿಬಿ ಎಂದರೆ ಒಂದೂವರೆ ಗಂಟೆ. ನಮ್ಮ ಕಡೆ ಅಷ್ಟರಲ್ಲಿ ಸುರಗಿ ಶಾಸ್ತ್ರವೂ ಮುಗಿಯುವುದಿಲ್ಲ.

ಕೋಟೆ ಕೆಳಗಿನವರು · ಸಂಜೆ 7:50

ಹಾಗಾದರೆ ಡಿ ಡ್ರೈವ್‌ನಲ್ಲಿರುವ, ಕೊಟ್ಟು ಮುಗಿಸಿದ ಮದುವೆಗಳನ್ನು ಇ ಡ್ರೈವ್‌ಗೆ ಸಾಗಿಸಿ. ಅವನ್ನು ವರ್ಷಕ್ಕೊಮ್ಮೆ ತೆರೆಯುತ್ತೀರೇನೋ, ನಿಧಾನವಾದ ಜಾಗ ಅವಕ್ಕೆ ಸಾಕು. ಡಿ ಖಾಲಿಯಾದ ಮೇಲೆ ಹಳೆಯ ಸಿ ಮತ್ತು ಡಿ ಎರಡನ್ನೂ ಅಳಿಸಿ ಒಂದೇ ಪಾರ್ಟಿಷನ್ ಮಾಡಿ. ಡಿ ಡ್ರೈವನ್ನು ಎಡಕ್ಕೆ ಹಿಗ್ಗಿಸಲು ಡಿಸ್ಕ್ ಮ್ಯಾನೇಜ್‌ಮೆಂಟ್ ಬಿಡುವುದಿಲ್ಲ, ಅದು ಬಲಕ್ಕೆ ಮಾತ್ರ ಹಿಗ್ಗಿಸುತ್ತದೆ. 750 ಜಿಬಿಯಷ್ಟು ಹೊರಸುತ್ತಿನ ಜಾಗ ಸಿಗುತ್ತದೆ. ರಿಪೇರಿ ಅಣ್ಣ ಬೈಯುವ ಮೊದಲೇ ಹೇಳಿಬಿಡುತ್ತೇನೆ, ಇ ಡ್ರೈವ್‌ಗೆ ಹೋದದ್ದು ಬ್ಯಾಕಪ್ ಅಲ್ಲ. ಹೊರಗಿನ ಡಿಸ್ಕಿಗೂ ಒಂದು ಪ್ರತಿ ಹೋಗಲಿ.

ಗಂಗಾವತಿ ಸ್ಟುಡಿಯೋ · ರಾತ್ರಿ 8:40

ಹೊರಗಿನ ಡಿಸ್ಕಿಗೆ ಮೊನ್ನೆಯೇ ಪ್ರತಿ ಹೋಗಿದೆ. ಕೆಲಸಕ್ಕೆ ಬಾರದ್ದನ್ನು ಅಳಿಸಿ ಉಳಿದ 400 ಜಿಬಿಯನ್ನು ಡಿ ಡ್ರೈವ್‌ನಿಂದ ಇ ಡ್ರೈವ್‌ಗೆ ಹಾಕಲು ಶುರು ಮಾಡಿದ್ದೇನೆ. ಒಂದೇ ಹೆಡ್ ಇಲ್ಲಿ ಓದಿ ಅಲ್ಲಿ ಬರೆಯಬೇಕು, 40 ಎಂಬಿ ದಾಟುತ್ತಿಲ್ಲ. ಇನ್ನೂ 2 ಗಂಟೆ 40 ನಿಮಿಷ ತೋರಿಸುತ್ತಿದೆ. ಯುಪಿಎಸ್ ತುಂಬಿದೆ, ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿಕೊಂಡು ಕಂಪ್ಯೂಟರ್ ಪಕ್ಕದಲ್ಲೇ ಕೂತಿದ್ದೇನೆ. ಊಟಕ್ಕೆ ಹೋಗುವುದಿಲ್ಲ, ರಿಪೇರಿ ಅಣ್ಣ.